ಪುಟ್ ಆಫ್ ಅನ್ನೋಕೆ ಎಷ್ಟು ಅರ್ಥ? ಲಾಂಗ್‌ಮನ್ ಆನ್‌ಲೈನ್ ಡಿಕ್ಷನರಿ ಬಗ್ಗೆ ನನ್ನ ಅಭಿಪ್ರಾಯ

ಫ್ರೇಸಲ್ ವರ್ಬ್ (ಕ್ರಿಯಾಪದದ ಜೊತೆ ಆಫ್, ಅಪ್ ಥರದ ಪುಟ್ಟ ಪದ ಸೇರಿ ಬೇರೆಯೇ ಅರ್ಥ ಕೊಡುವ ಜೋಡಿ) ಕಲಿಯೋಕೆ ಯಾವ ಡಿಕ್ಷನರಿ ಒಳ್ಳೇದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಲಾಂಗ್‌ಮನ್ ಆನ್‌ಲೈನ್ ಹೆಸರು ಹೇಳುತ್ತೇನೆ. ದುಡ್ಡು ಕೊಡಬೇಕಿಲ್ಲ. ಮೊಬೈಲ್ ಬ್ರೌಸರ್‌ನಲ್ಲೇ ತೆರೆಯುತ್ತದೆ. ಅದು ಎಷ್ಟು ಚೆನ್ನಾಗಿದೆ ಅಂತ ನೋಡೋಕೆ ಒಂದೇ ಕ್ರಿಯಾಪದ ಸಾಕು, ಪುಟ್ ಆಫ್.

ಇದರ ಒಂದು ಅರ್ಥ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು, ಮುಂದೂಡುವುದು. ಮೀಟಿಂಗ್ ಪುಟ್ ಆಫ್ ಆಯ್ತು, ಮದುವೆ ಪುಟ್ ಆಫ್ ಆಯ್ತು ಅಂತೀವಲ್ಲ, ಅದು. ಆದರೆ ‘ದ ಸ್ಮೆಲ್ ಪುಟ್ ಮಿ ಆಫ್’ ಅಂತ ಎಲ್ಲೋ ಓದಿದಾಗ ಆ ಅರ್ಥ ಹಾಕಿ ನೋಡಿ, ತಲೆಬುಡ ಗೊತ್ತಾಗಲ್ಲ. ಅಲ್ಲಿ ಹೇಳುತ್ತಿರುವುದು, ಆ ವಾಸನೆಗೆ ನನಗೆ ಬೇಡವೇ ಬೇಡ ಅನ್ನಿಸಿತು ಅಂತ. ಇನ್ನೊಂದು ಇದೆ: ‘ಸ್ಟಾಪ್ ಲಾಫಿಂಗ್, ಯೂ ಆರ್ ಪುಟಿಂಗ್ ಮಿ ಆಫ್’. ನಗಬೇಡ, ನನ್ನ ಗಮನ ತಪ್ಪುತ್ತಿದೆ ಅಂತ. ಇದು ಬ್ರಿಟಿಷರ ಬಳಕೆ. ಲಾಂಗ್‌ಮನ್ ಇವನ್ನೆಲ್ಲ ಬೇರೆ ಬೇರೆ ಮಾಡಿ ಕೊಡುತ್ತದೆ, ಬ್ರಿಟಿಷ್ ಬಳಕೆಗೆ ಅಲ್ಲೇ ಗುರುತು ಹಾಕಿರುತ್ತದೆ. ಇಂಗ್ಲಿಷ್ ಸೀರಿಯಲ್ ನೋಡುವವರಿಗೆ ಈ ಗುರುತು ತುಂಬಾ ಉಪಯೋಗಕ್ಕೆ ಬರುತ್ತದೆ.

ಅರ್ಥ ವಿವರಿಸುವ ಭಾಷೆಯೂ ಸುಲಭ. ಈ ಡಿಕ್ಷನರಿ ಮೊದಲು ಪುಸ್ತಕವಾಗಿ ಬಂದದ್ದು 1978ರಲ್ಲಿ. ಆಗಿನಿಂದಲೂ ಸುಮಾರು 2,000 ಸರಳ ಪದಗಳನ್ನೇ ಇಟ್ಟುಕೊಂಡು ಎಲ್ಲ ಅರ್ಥ ಬರೆಯುವುದು ಅದರ ಪದ್ಧತಿ. ಹಾಗಾಗಿ ಒಂದು ಪದ ನೋಡೋಕೆ ಹೋಗಿ, ಅದರ ವಿವರಣೆ ಅರ್ಥವಾಗದೆ ಇನ್ನೊಂದು ಪದ ಹುಡುಕುವ ಪಾಡು ಕಮ್ಮಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಪುಟ್ಟ ಬಾಣ. ಎರಡು ಕಡೆಗೂ ತುದಿ ಇರುವ ಬಾಣ. ಅದು ಇದ್ದರೆ ಕರ್ಮಪದವನ್ನು ಮಧ್ಯದಲ್ಲೂ ಇಡಬಹುದು, ಕೊನೆಯಲ್ಲೂ ಇಡಬಹುದು. ಅಂದರೆ ‘ಪುಟ್ ದ ಮೀಟಿಂಗ್ ಆಫ್’ ಸರಿ, ‘ಪುಟ್ ಆಫ್ ದ ಮೀಟಿಂಗ್’ ಕೂಡ ಸರಿ. ಆದರೆ ಮೀಟಿಂಗ್ ಬದಲು ಇಟ್ ಬಂದರೆ ಅದು ಮಧ್ಯದಲ್ಲೇ ಇರಬೇಕು, ‘ಪುಟ್ ಇಟ್ ಆಫ್’. ‘ಪುಟ್ ಆಫ್ ಇಟ್’ ತಪ್ಪು. ಇನ್ನೊಂದು ವಿಷಯ, ಪುಟ್ ಆಫ್ ಆದ ಮೇಲೆ ಕ್ರಿಯಾಪದ ಬಂದರೆ ಅದಕ್ಕೆ ಇಂಗ್ ಸೇರಬೇಕು. ‘ಐ ಪುಟ್ ಆಫ್ ಗೋಯಿಂಗ್ ಟು ದ ಡೆಂಟಿಸ್ಟ್’. ನಮ್ಮವರು ಅಭ್ಯಾಸಬಲದಿಂದ ‘ಪುಟ್ ಆಫ್ ಟು ಗೋ’ ಅಂದುಬಿಡುತ್ತಾರೆ. ಇಂಥದ್ದು ಬರೀ ಅರ್ಥ ಬರೆದು ಕೈತೊಳೆದುಕೊಳ್ಳುವ ಡಿಕ್ಷನರಿಯಲ್ಲಿ ಸಿಗೋದಿಲ್ಲ. ಇಲ್ಲಿ ಉದಾಹರಣೆ ವಾಕ್ಯಗಳಿವೆ, ಅವನ್ನು ಕೇಳಿಸಿಕೊಳ್ಳುವ ಸೌಲಭ್ಯವೂ ಇದೆ, ಕಲಿಯುವವರಿಗೆ ಇನ್ನೇನು ಬೇಕು ಹೇಳಿ!

ಆದರೆ ಸಮಾನಾರ್ಥಕ ಪದಗಳಿಗೆ ಲಾಂಗ್‌ಮನ್ ಒಂದನ್ನೇ ನಂಬಿ ಕೂರೋಕಾಗಲ್ಲ. ಕೆಲವು ಪದಗಳ ಕೆಳಗೆ ಥೆಸಾರಸ್ ಅಂತ ಚೌಕಟ್ಟು ಹಾಕಿ ಹತ್ತಿರದ ಪದಗಳ ವ್ಯತ್ಯಾಸ ಚೆನ್ನಾಗಿ ಬಿಡಿಸಿರುತ್ತಾರೆ, ಆದರೆ ಎಲ್ಲ ಪದಕ್ಕೂ ಇಲ್ಲ. ಜಾಸ್ತಿ ಪದ ಬೇಕಾದಾಗ ನಾನು ಮೆರಿಯಮ್-ವೆಬ್‌ಸ್ಟರ್ ಥೆಸಾರಸ್‌ಗೆ ಹೋಗುತ್ತೇನೆ. ಅಲ್ಲಿ ಒಂದೊಂದು ಅರ್ಥಕ್ಕೂ ಬೇರೆ ಗುಂಪು, ವಿರುದ್ಧ ಪದಗಳೂ ಇರುತ್ತವೆ. ಈ ಗುಂಪು ಮಾಡುವುದೇ ಮುಖ್ಯ. ಪೋಸ್ಟ್‌ಪೋನ್, ಡಿಫರ್, ಡಿಲೇ ಒಂದು ಕಡೆ. ಡಿಸ್ಕರೇಜ್, ಡಿಟರ್, ಡಿಸ್ವೇಡ್ ಇನ್ನೊಂದು ಕಡೆ. ಗಮನ ತಪ್ಪಿಸುವ ಅರ್ಥಕ್ಕೆ ಡಿಸ್ಟ್ರಾಕ್ಟ್. ಕೆಲವು ಉಚಿತ ಆ್ಯಪ್‌ಗಳು ಇವನ್ನೆಲ್ಲ ಒಂದೇ ಪಟ್ಟಿಯಲ್ಲಿ ಸುರಿದು ಕೊಡುತ್ತವೆ. ಅದನ್ನು ನಂಬಿದ ಹುಡುಗ ‘ದ ಸ್ಮೆಲ್ ಪೋಸ್ಟ್‌ಪೋನ್ಡ್ ಮಿ’ ಅಂತ ಬರೆದರೆ ಅವನದ್ದೇನು ತಪ್ಪು? ಇಂಥ ಆ್ಯಪ್ ಕಂಡರೆ ನನಗೆ ನಿಜವಾಗಿಯೂ ಕೋಪ ಬರುತ್ತದೆ.

ಒಂದೇ ಗುಂಪಿನಲ್ಲಿದ್ದರೂ ಪದಗಳು ಒಂದೇ ಅಲ್ಲ. ಮಳೆಗೆ ಬಸ್ ಲೇಟಾದರೆ ‘ದ ರೇನ್ ಡಿಲೇಡ್ ದ ಬಸ್’ ಅನ್ನಬಹುದು, ಅಲ್ಲಿ ಪುಟ್ ಆಫ್ ಕೂರಲ್ಲ, ಯಾಕೆಂದರೆ ಅಲ್ಲಿ ಯಾರೂ ಬೇಕೆಂದು ದಿನ ಬದಲಾಯಿಸಿಲ್ಲ. ಆಫೀಸ್ ನೋಟಿಸ್‌ನಲ್ಲಿ ಪೋಸ್ಟ್‌ಪೋನ್ ಚೆನ್ನಾಗಿರುತ್ತದೆ, ಗೆಳೆಯರಿಗೆ ಮೆಸೇಜ್ ಮಾಡುವಾಗ ಪುಟ್ ಆಫ್ ಸಹಜ. ಹಾಗೇ ಲೈಟ್ ಆರಿಸೋಕೂ ನಮ್ಮ ಕಡೆ ‘ಪುಟ್ ಆಫ್ ದ ಲೈಟ್’ ಅಂತಾರೆ, ಹೊರಗಿನವರ ಹತ್ತಿರ ‘ಟರ್ನ್ ಆಫ್’ ಅಂದರೆ ಸಲೀಸು.

ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ಓದುವವರು ಕೇಂಬ್ರಿಡ್ಜ್ ಡಿಕ್ಷನರಿಯನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಅದರಲ್ಲಿ ಎ1ರಿಂದ (ಶುರುವಿನ ಮಟ್ಟ) ಸಿ2ವರೆಗೆ (ಅತಿ ಮೇಲಿನ ಮಟ್ಟ) ಮಟ್ಟ ಹೇಳುವ ಗುರುತು ಬಹಳಷ್ಟು ಪದಗಳಿಗೆ ಇದೆ, ಯಾವುದನ್ನು ಮೊದಲು ಕಲಿಯಬೇಕು ಅಂತ ಗೊತ್ತಾಗುತ್ತದೆ.

ಲಾಂಗ್‌ಮನ್‌ನಲ್ಲಿ ನನಗೆ ಕೊರತೆ ಅನ್ನಿಸುವುದು ಕನ್ನಡ ಅರ್ಥ ಇಲ್ಲದಿರುವುದು. ಕನ್ನಡ ಮೀಡಿಯಂನಿಂದ ಬಂದು ಈಗಷ್ಟೇ ಶುರು ಮಾಡಿದವರಿಗೆ ಆ 2,000 ಪದಗಳೇ ಕಷ್ಟ, ಅವರು ಮೊದಲು ಒಂದು ಇಂಗ್ಲಿಷ್–ಕನ್ನಡ ನಿಘಂಟು ಇಟ್ಟುಕೊಳ್ಳಲೇಬೇಕು. ಅಲರ್ ಅನ್ನೋ ಆನ್‌ಲೈನ್ ನಿಘಂಟು ಅದ್ಭುತವಾದ ಕೆಲಸ, ಆದರೆ ಅದು ಕನ್ನಡದಿಂದ ಇಂಗ್ಲಿಷಿಗೆ. ಮತ್ತೆ, ಚಿಕ್ಕ ಫೋನಿನಲ್ಲಿ ಜಾಹೀರಾತು ಸ್ವಲ್ಪ ಅಡ್ಡ ಬರುತ್ತದೆ. ಹುಡುಕುವಾಗ ಬರೀ ಪುಟ್ ಅಂತ ಹಾಕಬೇಡಿ, ಪುಟ ಉದ್ದಕ್ಕೆ ಹೋಗುತ್ತದೆ, ಫ್ರೇಸಲ್ ವರ್ಬ್‌ಗಳು ಕೊನೆಯಲ್ಲಿ ಇರುತ್ತವೆ. ಪುಟ್ ಆಫ್ ಅಂತ ಎರಡೂ ಪದ ಸೇರಿಸಿ ಹಾಕಿದರೆ ನೇರ ಅಲ್ಲಿಗೇ ಹೋಗುತ್ತೀರಿ.