ಹಬ್ ಗೇರೋ, ಡಿರೇಲರೋ? ಎರಡನ್ನೂ ವರ್ಷಗಟ್ಟಲೆ ತುಳಿದವನ ಮಾತು

ನನ್ನ ಹತ್ತಿರ ಎರಡು ಸೈಕಲ್ ಇವೆ. ದಿನಾ ಕೆಲಸಕ್ಕೆ ಹೋಗೋದು ಶಿಮಾನೋ ನೆಕ್ಸಸ್ 8 ಗೇರಿನ ಹಬ್ ಇರುವ ಸೈಕಲ್ಲಿನಲ್ಲಿ, ಅಂದರೆ ಹಿಂದಿನ ಚಕ್ರದ ನಡುವಿನ ಗುಂಬದೊಳಗೇ ಗೇರುಗಳಿರುವ ಸೈಕಲ್. ರಜೆಯಲ್ಲಿ ದೂರ ಹೋಗೋದು ಡಿರೇಲರ್ ಸೈಕಲ್ಲಿನಲ್ಲಿ, ಅಂದರೆ ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸಿ ಗೇರ್ ಬದಲಿಸುವ ಸೈಕಲ್. ದಿನದ ಓಡಾಟಕ್ಕೆ ಹಬ್ ಗೇರೇ ಸರಿ ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ಸಿಗ್ನಲ್‌ನಲ್ಲೇ ಅದು ಗೊತ್ತಾಗುತ್ತದೆ. 6ನೇ ಗೇರಿನಲ್ಲಿ ಬಂದು ದಿಢೀರ್ ಅಂತ ನಿಂತರೂ, ನಿಂತಲ್ಲೇ 2ಕ್ಕೆ ಇಳಿಸಬಹುದು. ಡಿರೇಲರ್‌ನಲ್ಲಿ ಚೈನ್ ಓಡುತ್ತಿದ್ದರೆ ಮಾತ್ರ ಗೇರ್ ಬದಲಾಗುತ್ತದೆ. ಇಳಿಸದೆ ನಿಂತರೆ, ಹೊರಡುವಾಗ ಸೀಟಿನಿಂದ ಎದ್ದು ತುಳಿಯಬೇಕು.

ಮಳೆಗಾಲದಲ್ಲಂತೂ ಕೇಳಲೇಬೇಡಿ. ಹಬ್‌ನ ಗೇರುಗಳೆಲ್ಲ ಮುಚ್ಚಿದ ಗೂಡಿನೊಳಗೆ ಇರುತ್ತವೆ. ಚೈನ್ ಪಕ್ಕಕ್ಕೆ ಬಾಗದೆ ನೇರ ಓಡುತ್ತದೆ, ಸವೆತ ಕಡಿಮೆ. ಡಿರೇಲರ್‌ನಲ್ಲಿ ಕೆಸರು, ಎಣ್ಣೆ ಸೇರಿ ಕೆಳಗಿನ ಪುಟ್ಟ ಹಲ್ಲಿನ ಚಕ್ರಗಳಿಗೆ ಕಪ್ಪು ಮಡ್ಡಿ ಮೆತ್ತಿಕೊಳ್ಳುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಕೆರೆದರೆ ಸುರುಳಿ ಸುರುಳಿಯಾಗಿ ಬರುತ್ತದೆ. ಹಾಗೇ ಬಿಟ್ಟರೆ ಚೈನ್ ಜೊತೆ ಕ್ಯಾಸೆಟ್ಟೂ (ಹಿಂದಿನ ಚಕ್ರದ ಹಲ್ಲಿನ ಚಕ್ರಗಳ ಗೊಂಚಲು) ಸವೆಯುತ್ತದೆ. ಸೈಕಲ್ ಬಲಕ್ಕೆ ಬಿದ್ದರೆ ಡಿರೇಲರ್ ಹಿಡಿದಿರುವ ಹ್ಯಾಂಗರ್ ಬಾಗಬಹುದು, ಆಮೇಲೆ ಯಾವ ಗೇರೂ ಸರಿಯಾಗಿ ಕೂರುವುದಿಲ್ಲ. ಹಬ್‌ಗೆ ಟ್ಯೂನಿಂಗ್ ಅಂದರೆ ಇಷ್ಟೇ: 4ನೇ ಗೇರಿಗೆ ಹಾಕಿ, ಹಬ್ ಪಕ್ಕದಲ್ಲಿರುವ ಎರಡು ಹಳದಿ ಗೆರೆ ಒಂದೇ ಸಾಲಿಗೆ ಬರುವವರೆಗೆ ಕೇಬಲ್ ಬಿಗಿಯನ್ನು ಹೊಂದಿಸುವುದು.

ಹಾಗಂತ ಬೆಟ್ಟದ ದಾರಿಗೆ ನಾನು ಹಬ್ ಒಯ್ಯುವುದಿಲ್ಲ. ಅತಿ ಹಗುರ ಮತ್ತು ಅತಿ ಭಾರದ ಗೇರಿನ ನಡುವೆ ಇದರಲ್ಲಿ ಸುಮಾರು 3 ಪಟ್ಟು ಅಂತರ. ಅತಿ ಚಿಕ್ಕ ಚಕ್ರಕ್ಕೆ 11, ಅತಿ ದೊಡ್ಡದಕ್ಕೆ 34 ಹಲ್ಲಿರುವ ಕ್ಯಾಸೆಟ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. ಆದರೆ ಹಬ್‌ನಲ್ಲಿ ಒಂದು ಗೇರಿನಿಂದ ಮುಂದಿನದಕ್ಕೆ ಇರುವ ಮೆಟ್ಟಿಲುಗಳು ಒಂದೇ ಸಮ ಇಲ್ಲ. 3ರಿಂದ 4ಕ್ಕೆ ಸುಮಾರು 14%, 5ರಿಂದ 6ಕ್ಕೆ 22%. ಎದುರುಗಾಳಿಯಲ್ಲಿ 5 ತೀರಾ ಹಗುರ, 6 ತೀರಾ ಭಾರ ಅನ್ನಿಸುತ್ತದೆ. ತೂಕವೂ ಜಾಸ್ತಿ, ಒಳಗಿನ ಹಲ್ಲುಗಳು ಸ್ವಲ್ಪ ಶಕ್ತಿ ನುಂಗುತ್ತವೆ. ಏರಿನಲ್ಲಿ ಗೇರ್ ಇಳಿಸುವಾಗ ಒಂದು ಕ್ಷಣ ಕಾಲು ಸಡಿಲ ಬಿಡಲೇಬೇಕು.

ಇನ್ನು ಹಿಂದಿನ ಚಕ್ರದ ಪಂಕ್ಚರ್. ಡಿರೇಲರ್ ಸೈಕಲ್ಲಿನಲ್ಲಿ ಅಚ್ಚಿನ ಕ್ವಿಕ್ ರಿಲೀಸ್ ಹಿಡಿಕೆ ಸಡಿಲಿಸಿದರೆ ಚಕ್ರ ಕೈಗೆ ಬರುತ್ತದೆ. ಹಬ್‌ನಲ್ಲಿ ಕೇಬಲ್ ಕಳಚಬೇಕು, 15 ಎಂಎಂ ಸ್ಪ್ಯಾನರ್ ಬೇಕು, ವಾಷರ್‌ಗಳನ್ನು ಮೊದಲಿದ್ದ ಹಾಗೇ ಕೂರಿಸಬೇಕು, ಚೈನ್ ಬಿಗಿ ನೋಡಬೇಕು. ದಾರಿಯಲ್ಲಿ ಇದೆಲ್ಲ ಯಾಕೆ ಅಲ್ವಾ? ಚಕ್ರ ಬಿಚ್ಚಲೇಬೇಡಿ. ಟೈರಿನ ಒಂದು ಅಂಚು ಎಬ್ಬಿಸಿ, ತೂತಿರುವ ಕಡೆ ಟ್ಯೂಬ್ ಹೊರಗೆಳೆದು ಪ್ಯಾಚ್ ಹಾಕಿ. ಹಬ್ ಸೈಕಲ್ ಕೊಳ್ಳುವ ದಿನವೇ ಹಿಂದಕ್ಕೆ ಪಂಕ್ಚರ್ ತಡೆಯುವ ದಪ್ಪ ಟೈರ್ ಹಾಕಿಸಿಬಿಡಿ.