ಸೆಲ್ಟಿಕ್ಸಾ, ವಾರಿಯರ್ಸಾ? ಈ ಸೀಸನ್‌ಗೆ ನಿಮ್ಮ ತಂಡ ಯಾವುದು?

ಅಕ್ಟೋಬರ್‌ನಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಶುರುವಾದರೆ ಏಪ್ರಿಲ್‌ವರೆಗೆ ಒಂದೊಂದು ತಂಡಕ್ಕೂ 82 ಪಂದ್ಯ. ಎಲ್ಲವನ್ನೂ ನೋಡೋದು ಆಗದ ಮಾತು. ಮಂಗಳೂರಲ್ಲಿ ಕೂತು ಒಂದು ತಂಡ ಆರಿಸಿಕೊಳ್ಳೋರು ಮೊದಲು ಗಡಿಯಾರ ನೋಡಬೇಕು.

ಬಾಸ್ಟನ್ ಸೆಲ್ಟಿಕ್ಸ್ ತವರಿನಲ್ಲಿ ರಾತ್ರಿ 7.30ಕ್ಕೆ ಆಡಿದರೆ ಚಳಿಗಾಲದಲ್ಲಿ ನಮಗೆ ಬೆಳಗ್ಗೆ 6. ಎಂಟೂವರೆ ಹೊತ್ತಿಗೆ ಮುಗಿಯುತ್ತೆ, ಆರಾಮಾಗಿ ಹಂಪನಕಟ್ಟೆ ಬಸ್ ಹಿಡಿಯಬಹುದು. ಗೋಲ್ಡನ್ ಸ್ಟೇಟ್ ವಾರಿಯರ್ಸ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದೇ ಹೊತ್ತಿಗೆ ಆಡಿದರೆ ಇಲ್ಲಿ 9 ಗಂಟೆ. ಕಾಲೇಜು, ಆಫೀಸು ಇದ್ದವರಿಗೆ ಕಷ್ಟ ಅಲ್ವಾ? ಅಲ್ಲಿನ ಶನಿವಾರದ ಪಂದ್ಯ ಮಾತ್ರ ನಮ್ಮ ಭಾನುವಾರಕ್ಕೆ ಬರುತ್ತೆ, ಅದು ಖುಷಿ.

ಇತಿಹಾಸದಲ್ಲಿ ಸೆಲ್ಟಿಕ್ಸ್ ಮುಂದೆ. 2024ರಲ್ಲಿ ಗೆದ್ದದ್ದು 18ನೇ ಪ್ರಶಸ್ತಿ, ಬೇರೆ ಯಾರಿಗೂ ಅಷ್ಟಿಲ್ಲ.

ಆದರೆ ಉಡುಪಿಯ ಯಾವುದೋ ಶಾಲೆ ಕೋರ್ಟ್‌ನಲ್ಲಿ ಆಡುವ ಹುಡುಗ ಹುಡುಗಿಯರಿಗೆ ನಾನು ಹೇಳೋದು ವಾರಿಯರ್ಸ್ ಅಂತಲೇ. ಕಾರಣ ಆ ತಂಡದ ಆಟಗಾರ ಸ್ಟೀಫನ್ ಕರಿ. ಚೆಂಡು ಬಿಟ್ಟು ಅವರನ್ನಷ್ಟೇ ನೋಡಿ. ಪಾಸ್ ಕೊಟ್ಟು ನಿಲ್ಲೋದೇ ಇಲ್ಲ. ಜೊತೆಗಾರನ ಪಕ್ಕದಿಂದ ನುಸುಳಿ, ಬುಟ್ಟಿಯ ಹಿಂದಿನ ಅಂಚಿನ ಗೆರೆ, ಅಂದರೆ ಬೇಸ್‌ಲೈನ್ ಗುಂಟ ಓಡಿ, ಮೂಲೆಯಲ್ಲಿ ಚೆಂಡು ಸಿಕ್ಕ ತಕ್ಷಣ ಎಸೆತ. ಹೈಲೈಟ್ಸ್‌ನಲ್ಲಿ ಆ ಎಸೆತ ಸಿಗುತ್ತೆ, ಓಟ ಸಿಗಲ್ಲ. ಹಾಗಾಗಿ ಪೂರ್ತಿ ಪಂದ್ಯ ನೋಡಬೇಕು. ಕರಿ ಹುಟ್ಟಿದ್ದು 1988ರಲ್ಲಿ, ಇನ್ನು ಜಾಸ್ತಿ ಸೀಸನ್ ಉಳಿದಿಲ್ಲ. ವಾರಿಯರ್ಸ್ ಅಮೆರಿಕದ ಪೂರ್ವ ಕರಾವಳಿಗೆ ಆಡಲು ಹೋದಾಗ ಅವರ ಪಂದ್ಯವೂ ಇಲ್ಲಿ ಬೆಳಗ್ಗೆ ಬೇಗ ಬರುತ್ತೆ. ವೇಳಾಪಟ್ಟಿಯಲ್ಲಿ ಅಂಥವನ್ನು ಗುರುತು ಹಾಕಿಟ್ಟುಕೊಳ್ಳಿ.