ಗದಗದ ಸರ್ಕಾರಿ ಆರೋಗ್ಯ ಕೇಂದ್ರದಾಗ ಕೂಸಿನ ಮೂರೂವರಿ ತಿಂಗಳ ಸೂಜಿ: ನಾ ಕಂಡಿದ್ದು

ಸಣ್ಣ ಕೂಸಿರೋ ನನ್ನ ಗೆಳತ್ಯಾರು ಭಾಳ ಮಂದಿ ಕೇಳಾಕತ್ತಾರ, ಸೂಜಿ ಪ್ರೈವೇಟ್‌ನ್ಯಾಗ ಮಾಡಸೋದೋ ಸರ್ಕಾರಿಯೊಳಗೋ ಅಂತ. ನಾ ಎರಡೂ ಕಡೆ ಮಾಡಿಸೀನಿ, ಹಂಗಾಗಿ ಬರೀತೀನಿ. ಬಾಣಂತನ ಹುಬ್ಬಳ್ಳಿ ತವರುಮನ್ಯಾಗ ಆತು, ಹುಟ್ಟಿದಾಗಿನ ಕ್ಷಯರೋಗದ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ ಹೆರಿಗಿ ಆದ ದವಾಖಾನ್ಯಾಗ ಹಾಕಿದ್ರು, 6 ವಾರದ್ದು 10 ವಾರದ್ದು ಅಲ್ಲೇ ಒಂದು ಪ್ರೈವೇಟ್ ಮಕ್ಕಳ ಕ್ಲಿನಿಕ್‌ನ್ಯಾಗ ಆದ್ವು, 14 ವಾರದ್ದು ಬರೋದ್ರಾಗ ಗಂಡನ ಮನಿ ಗದಗಕ್ಕ ಬಂದ್ವಿ. ಊರು ಬದಲಾತು, ದವಾಖಾನಿ ಬದಲಾತು, ಇಲ್ಲಿ ತಗೋತಾರೋ ಇಲ್ಲೋ ಅಂತ ಅತ್ತಿಯವ್ರಿಗೆ ಒಂದ ಚಿಂತಿ. ಮನಿ ಹತ್ರದ ನಗರ ಆರೋಗ್ಯ ಕೇಂದ್ರಕ್ಕ ಹೋದ್ವಿ. ಹೆಸರು ಬರ್ಯಾಂಗಿಲ್ಲ, ನಿಮ್ಮ ನಿಮ್ಮ ಏರಿಯಾಕ್ಕ ಒಂದು ಇದ್ದ ಇರ್ತೈತಿ.

ಮೊದಲ ಮಾತು, ತಗೋತಾರ. ಎಲ್ಲಿ ಹುಟ್ಟಿದ್ರೂ, ಹಿಂದಿನ ಡೋಸ್ ಎಲ್ಲಿ ಆಗಿದ್ರೂ ತಗೋತಾರ, ರೊಕ್ಕಾನೂ ಕೇಳಂಗಿಲ್ಲ. ತಾಯಿ ಕಾರ್ಡ್ ಮತ್ತ ಪ್ರೈವೇಟ್‌ನವ್ರು ಕೊಟ್ಟ ಪುಸ್ತಕ ಎರಡೂ ಒಯ್ರಿ, ಯಾಕಂದ್ರ ಸಿಸ್ಟರ್ ಆ ಪುಸ್ತಕದಾಗ ಹಚ್ಚಿದ ಸ್ಟಿಕ್ಕರ್ ಒಂದೊಂದ ಓದಿ, ಯಾವ ಲಸಿಕಿ ಬಿದ್ದೈತಿ ಯಾವುದು ಉಳದೈತಿ ಅಂತ ಡಾಕ್ಟರ್ರನ್ನ ಕೇಳಿನ ಮುಂದಿನ ಕೆಲಸಕ್ಕ ಹೋದ್ರು. ಯು-ವಿನ್ ಅಂತ ಸರ್ಕಾರದ ಆನ್‌ಲೈನ್ ಲಸಿಕಿ ದಾಖಲಿ ಐತಿ, ಅದರಾಗ ಮೊಬೈಲ್ ನಂಬರ್ ಹಾಕಿ ಎಂಟ್ರಿನೂ ಮಾಡಿದ್ರು.

ಸೂಜಿಗಿಂತ ಮೊದ್ಲು ತೂಕ. ಕುಂಚಗಿ, ದುಪ್ಪಟಿ ಎಲ್ಲಾ ಬಿಚ್ಚಿಸಿ, ಖಾಲಿ ತಕ್ಕಡಿ ಸೊನ್ನಿ ತೋರಸ್ತೈತೇನು ನೋಡಿ ಆಮ್ಯಾಲ ಮಲಗಿಸಿದ್ರು. ತಲಿ ಸುತ್ತ ಟೇಪ್ ಹಿಡಿದು ಅಳತಿ ತಗೊಂಡ್ರು. ಕಾರ್ಡಿನ್ಯಾಗ ಒಂದು ಗೆರಿ ಚಾರ್ಟ್ ಇರ್ತೈತಲ್ಲ, ಅದರಾಗ ಚುಕ್ಕಿ ಇಟ್ಟು, ಹಿಂದಿನ ಚುಕ್ಕಿಗೆ ಕೂಡಿಸಿ ನನಗ ತೋರಿಸಿದ್ರು, ‘ನೋಡವಾ, ಗೆರಿ ಮ್ಯಾಲಕ ಹೊಂಟೈತಿ, ಬಾಜೂ ಮನಿ ಕೂಸು ದಪ್ಪ ಐತಿ ಅಂತ ತಲಿ ಕೆಡಿಸ್ಕೋಬ್ಯಾಡ, ಆರು ತಿಂಗಳ ತನಕ ನಿನ್ನ ಹಾಲಷ್ಟ, ನೀರೂ ಬ್ಯಾಡ ಘುಟ್ಟಿನೂ ಬ್ಯಾಡ’ ಅಂದ್ರು. ಇದನ್ನ ಅತ್ತಿಯವ್ರ ಮುಂದ ಹೇಳಿದ್ದು ನನಗ ಎಷ್ಟು ಉಪಕಾರ ಆತಂತೀರಿ! ನಾ ಹೇಳಿದ್ರ ಕೇಳ್ತಿದ್ದಿಲ್ಲ, ಸಿಸ್ಟರ್ ಹೇಳಿದ ಮ್ಯಾಲ ಬಜಿ ತೇಯೋದು ಬಿಟ್ಟಾರ.

ಇನ್ನ ಸೂಜಿ. ನನಗ ಈ ಕೇಂದ್ರ ಮನಸಿಗೆ ಬಂದಿದ್ದು ಇಲ್ಲೇ. ಮೊದ್ಲು ಬಾಯಿಗೆ ಹಾಕೋವು, ಬೇಧಿ ತಡಿಯೋ ರೋಟಾ ಮತ್ತ ಪೋಲಿಯೋ ಎರಡು ಹನಿ, ಯಾಕಂದ್ರ ಸೂಜಿ ಚುಚ್ಚಿದ ಮ್ಯಾಲ ಕೂಸು ಅಳ್ತೈತಿ, ಆಗ ಹಾಕಿದ್ರ ಉಗಳಿ ಬಿಡ್ತೈತಿ. ಆಮ್ಯಾಲ ಎಡ ತೊಡಿಗೆ ಪೆಂಟಾ, ಬಲ ತೊಡಿಗೆ ನ್ಯುಮೋನಿಯಾದ ಪಿಸಿವಿ, ಬಲ ರಟ್ಟಿಗೆ ಪೋಲಿಯೋದ ಸೂಜಿ. ಪೋಲಿಯೋದ್ದು ಭಾಳ ಸ್ವಲ್ಪ ಇರ್ತೈತಿ, 0.1 ಎಂಎಲ್ ಅಷ್ಟ, ಚರ್ಮದೊಳಗ ಹಾಕ್ತಾರ, ಸಣ್ಣ ಗುಳ್ಳಿ ಎದ್ದು ನೋಡೋದ್ರಾಗ ಇಳೀತು. ಪೆಂಟಾ ಒಂದ ಸೂಜ್ಯಾಗ ಐದು ರೋಗಕ್ಕ ಆಗ್ತೈತಿ: ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಮತ್ತ ಹಿಬ್ ಅಂತ ಒಂದು, ಮಿದುಳು ಜ್ವರ ನ್ಯುಮೋನಿಯಾ ತರೋದು. ಇದನ್ನೆಲ್ಲಾ ನಾ ಕೇಳದ ಹೇಳಿದ್ರು.

ಲಸಿಕಿ ಬಾಟಲಿ ತೋರಸ್ರಿ ಅಂದ್ರ ಬೇಜಾರು ಮಾಡ್ಕೊಳ್ಳಿಲ್ಲ. ಐಸ್ ಪ್ಯಾಕ್ ಇಟ್ಟ ನೀಲಿ ಡಬ್ಬಿಯಿಂದ ತಗದು, ಬಾಟಲಿ ಮ್ಯಾಗಿನ ಸಣ್ಣ ಗುರುತು ತೋರಿಸಿದ್ರು. ಸುತ್ತ ಬಣ್ಣದ ದುಂಡಂದು, ನಡುವ ಚೌಕ. ಒಳಗಿನ ಚೌಕ ಹೊರಗಿನ ಬಣ್ಣಕ್ಕಿಂತ ತಿಳಿ ಇದ್ರ ಲಸಿಕಿ ಚಲೋ ಐತಿ ಅಂತ, ಬಿಸಿಗೆ ಸಿಕ್ಕಂಗ ಸಿಕ್ಕಂಗ ಚೌಕ ಕಪ್ಪಾಗ್ತಾ ಹೋಗ್ತೈತಿ, ಎರಡೂ ಒಂದ ಬಣ್ಣ ಆದ್ರ ಆ ಬಾಟಲಿ ಬಳಸಂಗಿಲ್ಲ. ‘ಕರೆಂಟ್ ಹೋಗಿರ್ತೈತಿ, ಲಸಿಕಿ ಕೆಟ್ಟಿರ್ತೈತಿ’ ಅಂತ ಸರ್ಕಾರಿದಕ್ಕ ಹೆದರೋರು ಈ ಗುರುತು ನೋಡ್ಕೋರಿ. ಸಿರಿಂಜೂ ಹೊಸಾದು, ನನ್ನ ಕಣ್ಣಮುಂದ ಪಾಕೀಟು ಹರದ್ರು, ಒಮ್ಮೆ ಒತ್ತಿದ್ರ ಲಾಕ್ ಆಗ್ತಾವ, ಎರಡನೇ ಸಲ ಬಳಸಾಕ ಬರಂಗಿಲ್ಲ.

ಕೂಸು ಚೀರಿದ್ದು ಚೀರಿದ್ದ, ಅದಕ್ಕೇನು ಮಾಡಾಕ ಬರ್ತೈತಿ, ನನ್ನ ಕಣ್ಣಾಗೂ ನೀರು. ಕೂಡ್ಲೆ ಎದಿಗೆ ಹಚ್ಚು ಅಂದ್ರು, ಹಚ್ಚಿದ್ದಕ್ಕ ಸುಮ್ಮನಾತು. ಆಮ್ಯಾಲ ಅರ್ಧಾ ತಾಸು ಅಲ್ಲೇ ಕುಂದ್ರಿಸಿದ್ರು, ಒಬ್ಬಾಕಿ ಬಸ್ಸಿಗೆ ಹೊತ್ತಾತು ಅಂತ ಎದ್ರ ಆಶಾ ಅಕ್ಕಾರು ಬಾಗಿಲದಾಗ ನಿಂತು ‘ತಂಗೀ, ಹತ್ತು ಸಾವಿರದಾಗ ಒಂದು ಕೂಸಿಗೂ ಆಗಲಿಕ್ಕಿಲ್ಲ, ಆದ್ರ ಆಗೋದಿದ್ರ ಇಷ್ಟೊತ್ತಿನ್ಯಾಗ ಆಗ್ತೈತಿ, ಕುಂದ್ರು’ ಅಂತ ಹಿಂದಕ ಕಳಿಸಿದ್ರು. ಜೋರು ಅಲರ್ಜಿ ಆದ್ರ ಕೊಡೋ ಔಷಧ ಅಲ್ಲೇ ಇಟ್ಟಿರ್ತಾರ, ಅದಕ್ಕ ಈ ಕುಂದ್ರೋದು. ಹುಬ್ಬಳ್ಳಿ ಕ್ಲಿನಿಕ್‌ನ್ಯಾಗ ಎಸಿ ಇತ್ತು, ಗೊಂಬಿ ಇದ್ವು, ಸಾವಿರಗಟ್ಲೆ ಬಿಲ್ಲೂ ಆತು, ಆದ್ರ ಸೂಜಿ ಆಗಿದ್ದ ತಡ ಜ್ವರದ ಹನಿ ಬರದು ‘ನೆಕ್ಸ್ಟ್’ ಅಂದ್ರು, ಕುಂದ್ರ್ರಿ ಅನ್ನೋರು ಯಾರೂ ಇದ್ದಿಲ್ಲ. ಅಲ್ಲಿಯ ಪೇನ್‌ಲೆಸ್ ಸೂಜಿಗೆ ಜ್ವರ ಬಾವು ಕಡಿಮಿ ಅನ್ನೋದು ಖರೆ, ನಮ್ಮ ಕೂಸಿಗೂ ಆಗ ಜ್ವರ ಬಂದಿದ್ದಿಲ್ಲ. ಇಲ್ಲಿ ರಾತ್ರಿ ಮೈ ಬೆಚ್ಚಗಾತು, ಎಡ ತೊಡಿ ಬಾತು. ಡಾಕ್ಟರ್ ಕೂಸಿನ ತೂಕ ನೋಡಿ ಬರಕೊಟ್ಟಷ್ಟ ಪ್ಯಾರಾಸಿಟಮಾಲ್ ಹಾಕಿದ್ವಿ, ಮರುದಿನ ನಗಾಕತ್ತಿತ್ತು. ಬಾವಿನ ಮ್ಯಾಲ ಅರಿಷಿಣ ಹಚ್ಚೋದು, ಬಿಸಿ ಅರಬಿ ಒತ್ತೋದು, ತಿಕ್ಕೋದು ಒಂದೂ ಮಾಡಬ್ಯಾಡ್ರಿ ಅಂತ ಮೊದ್ಲ ಹೇಳಿದ್ರು. ಮೂರು ತಾಸು ಬಿಡದ ಅತ್ರ, ಜ್ವರ ಭಾಳ ಏರಿದ್ರ, ಫಿಟ್ಸ್ ಬಂದ್ರ, ಕೂಸು ಹಾಲು ಬಿಟ್ಟು ಜೋಲು ಬಿದ್ರ ರಾತ್ರಿ ಹಗಲು ನೋಡದ ದವಾಖಾನಿಗೆ ಓಡಬೇಕು. ಮರುದಿನ ಆಶಾ ಅಕ್ಕಾರು ಫೋನ್ ಮಾಡಿ ಕೂಸು ಹೆಂಗೈತಿ ಅಂತ ಕೇಳಿದ್ರು. ಪ್ರೈವೇಟ್‌ನವ್ರಿಂದ ಫೋನ್ ಬಂದಿದ್ದು ರಿವ್ಯೂ ಕೇಳಾಕ.

ಕೊರತಿನೂ ಹೇಳ್ಬೇಕು. ಲಸಿಕಿ ಹಾಕೋ ದಿನ ಗದ್ದಲ ಭಾಳ. ಟೋಕನ್ ಇಲ್ಲ, ಮೊದ್ಲು ಬಂದವ್ರು ಯಾರು ಅನ್ನೋದ ಜಗಳ, ಲಗೂನ ಹೋಗ್ರಿ. ಬಿಸಿಜಿ, ದಡಾರದ ಎಂಆರ್ ಬಾಟಲಿ ಕಲಿಸಿದ ಮ್ಯಾಲ 4 ತಾಸಿನ್ಯಾಗ ಖಾಲಿ ಆಗ್ಬೇಕು, ಹಂಗಾಗಿ ಆ ಸೂಜಿಗೆ ಇನ್ನಷ್ಟು ಕೂಸು ಬರ್ಲಿ ಅಂತ ಕುಂದ್ರಸ್ತಾರ, ಒಂಬತ್ತು ತಿಂಗಳದ್ದಕ್ಕ ಹೋಗೋರು ಹೊತ್ತು ಇಟ್ಕೊಂಡು ಹೋಗ್ರಿ. ಅದಕ್ಕಿಂತ ದೊಡ್ಡ ತ್ರಾಸು, ಹಾಲು ಕುಡಿಸಾಕ ಒಂದು ಮರೆ ಜಾಗ ಇಲ್ಲ. ಗಂಡಸರು ಅಡ್ಡಾಡೋ ಪಡಸಾಲ್ಯಾಗ, ಅತ್ತಿಯವ್ರು ಸೀರಿ ಸೆರಗು ಅಡ್ಡ ಹಿಡಿದು ನಿಂತಿದ್ರು, ನಾ ಒಳಗ ಕುಂತು ಕುಡಿಸಿದೆ. ಸೂಜಿ ಆದ ಕೂಡ್ಲೆ ಎದಿಗೆ ಹಚ್ಚು ಅಂತ ಅವ್ರ ಹೇಳ್ತಾರ, ಕುಂದ್ರಾಕ ಜಾಗ ಅವ್ರ ಕೊಡಂಗಿಲ್ಲ. ಒಂದು ಪರದೆ, ನಾಕು ಕುರ್ಚಿ, ಒಂದು ಫ್ಯಾನ್ ಸಾಕು. ಡಾಕ್ಟರ್ ಮುಂದ ಹೇಳಿ ಬಂದೀನಿ, ಬರದೂ ಕೊಟ್ಟೀನಿ. ನೀವೂ ನಿಮ್ಮ ಕೇಂದ್ರಕ್ಕ ಹೋದಾಗ ಕೇಳ್ರಿ, ಒಬ್ಬಾಕಿ ಕೇಳಿದ್ರ ಆಗದ್ದು ಹತ್ತು ಮಂದಿ ತಾಯಂದಿರು ಕೇಳಿದ್ರ ಆದೀತು. ಒಂಬತ್ತು ತಿಂಗಳ ಸೂಜಿಗೂ ನಾ ಅಲ್ಲೇ ಹೋಗಾಕಿ.